ಬಾಗಿಲ ಹತ್ತಿರ ಕಟ್ಟಿದ ಕುರಿ

ಮೊದಲು ಆರೋಪ, ಆಮೇಲೆ ನೆನಪು. ನರಜಾಲ, ಕೃತಕ ಬುದ್ಧಿಮತ್ತೆ ಎಂಬ ದೊಡ್ಡ ಮಾತುಗಳನ್ನು ಪ್ರಕಟಣೆಯ ತಲೆಬರಹಕ್ಕೆ ಏರಿಸಿ, ಫೆಲೋಶಿಪ್ ಸಹಿತ ಪಿಎಚ್.ಡಿ. ಸೀಟುಗಳಿವೆ ಬನ್ನಿ ಎಂದು ನಮ್ಮ ಭಾಗದವರನ್ನು ಕರೆದವರು ನೀವು. ಬರುವ ಮೊದಲು ಇದ್ದ ಕೆಲಸ ಬಿಡಬೇಕೆಂದು ನಿಯಮ ಹಾಕಿದವರೂ ನೀವು. ಬಿಟ್ಟು ಬಂದವರನ್ನು ಮಾರ್ಗದರ್ಶಕರಿಲ್ಲ ಎಂಬ ಒಂದೇ ಕಾರಣಕ್ಕೆ ನಡುದಾರಿಯಲ್ಲಿ ನಿಲ್ಲಿಸಿ, ಮಾರ್ಗದರ್ಶಕರನ್ನು ಒದಗಿಸುವ ಹೊಣೆ ತಮ್ಮದೇ ಎಂಬುದನ್ನು ಮರೆತವರೂ ನೀವೇ. ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗವನ್ನು, ಅದಕ್ಕೆ ಹಣ ಬಿಡುಗಡೆ ಮಾಡುವ ಇಲಾಖೆಯನ್ನು ಉದ್ದೇಶಿಸಿ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬರೆಯುವುದಿಲ್ಲ. ಓದುತ್ತ ಹೋದರೆ ನಿಮ್ಮ ನಿಮ್ಮ ಕುರ್ಚಿಯ ಗುರುತು ನಿಮಗೇ ಸಿಗುತ್ತದೆ.

ಇಷ್ಟು ಸಿಟ್ಟು ನನ್ನಲ್ಲಿ ಇನ್ನೂ ಉಳಿದಿದೆ ಎಂದು ಕಳೆದ ವಾರದವರೆಗೆ ನನಗೂ ಗೊತ್ತಿರಲಿಲ್ಲ. ಬೀದರಿನ ನಮ್ಮ ಬಾಡಿಗೆ ಮನೆಯ ಅಟ್ಟದ ಮೇಲಿಂದ ಹಳೆಯ ಬಟ್ಟೆಯ ಚೀಲವೊಂದನ್ನು ಇಳಿಸಿ ಕೊಡವಿದೆ. ಕರಿಯ ಕಂಬಳಿಯ ಸಣ್ಣದೊಂದು ಚೀಲ ನೆಲಕ್ಕೆ ಬಿತ್ತು. ಹೆಬ್ಬೆರಳಿಗೆ ತೊಡಿಸುವ ಟೊಪ್ಪಿಗೆಯಷ್ಟೇ ಗಾತ್ರ. ಬಾಯಿಗೆ ದಾರದ ಲಾಡಿ. ಮೂಗಿಗೆ ಹಿಡಿದೆ. ಕುರಿಯ ವಾಸನೆ, ಸಗಣಿ ಬೆರಣಿಯ ಹೊಗೆ, ಅವೆರಡರ ಕೆಳಗೆ ತೆಳುವಾಗಿ, ಇನ್ನೂ ಆರದೆ, ಲಾವಂಚದ ಅತ್ತರು... ಕುರಿ ಮತ್ತು ಹೊಗೆ ನಮ್ಮ ಆಯಿಯದು, ಎಂದರೆ ನನ್ನ ಅಪ್ಪನ ತಾಯಿಯದು. ಅತ್ತರು ಆಪಾನದು.

ಆಪಾ ನಮ್ಮ ಪಕ್ಕದ ಮನೆಯವರು. ಓಣಿಯ ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ಎರಡು ಮನೆಗಳ ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ ಹಳೆಯ ಕಾಲದ ಗೂಡೊಂದಿತ್ತು; ಯಾರೋ ಯಾವಾಗಲೋ ಅದರ ಬೆನ್ನಿನ ಕಲ್ಲು ತೆಗೆದಿದ್ದರಿಂದ ಅದು ಎರಡೂ ಕಡೆಗೆ ತೆರೆದಿತ್ತು. ಆ ಕಡೆಯಿಂದ ಶೀರಕುರ್ಮಾದ ಬಟ್ಟಲು ಬರುತ್ತಿತ್ತು, ಈ ಕಡೆಯಿಂದ ಹೋಳಿಗೆ ಹೋಗುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಆ ಗೂಡಿನ ಮೂಲಕವೇ ಲೆಕ್ಕದ ಪಾಠವೂ ನಡೆಯುತ್ತಿತ್ತು. ನಾನು ತಪ್ಪಿದರೆ ಆಪಾ ಗೂಡಿನೊಳಗೆ ಬೆರಳು ತೂರಿಸಿ ಗೋಡೆಯನ್ನು ತಟ್ಟುತ್ತಿದ್ದರು. ಬೈಗುಳ ಅಷ್ಟೇ.

ಅವರು ಭಾಲ್ಕಿಯ ಒಂದು ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿಯಾಗಿದ್ದರು. ಬೆಳಗಿನ ಬಸ್ಸಿಗೆ ಹೋಗಿ ಇಳಿಹೊತ್ತಿಗೆ ಬರುತ್ತಿದ್ದರು. ಬಸ್ಸಿನಲ್ಲಿ ಕುಳಿತೇ ನರಜಾಲಗಳ ಬಗ್ಗೆ ಓದಲು ತೊಡಗಿದರಂತೆ. ಕಂಪ್ಯೂಟರಿಗೆ ಇಂಥದ್ದು ಮಾಡು ಎಂದು ಒಂದೊಂದಾಗಿ ಹೇಳಿಕೊಡದೆ, ರಾಶಿ ಉದಾಹರಣೆಗಳನ್ನು ತೋರಿಸಿ, ತಪ್ಪಿದಾಗ ತಿದ್ದಿ, ಅದಾಗಿಯೇ ಗುರುತು ಹಿಡಿಯುವಂತೆ ಮಾಡುವ ವಿದ್ಯೆ ಅದು. ನಾನು ಡಿಗ್ರಿಗೆ ಸೇರಿದ ಹೊತ್ತಿಗೆ ವಿಶ್ವವಿದ್ಯಾಲಯದ ಪ್ರಕಟಣೆ ಬಂತು. ಪ್ರವೇಶ ಪರೀಕ್ಷೆ ಬರೆದರು, ಸಂದರ್ಶನಕ್ಕೆ ಹೋದರು, ಆಯ್ಕೆಯಾದರು. ಪೂರ್ಣಾವಧಿ ಸಂಶೋಧನೆ, ಜೊತೆಗೆ ಫೆಲೋಶಿಪ್. ಪೂರ್ಣಾವಧಿ ಎಂದ ಮೇಲೆ ಬೇರೆ ಕೆಲಸದಲ್ಲಿ ಇರುವಂತಿಲ್ಲ. ಭಾಲ್ಕಿಯ ಕಾಲೇಜಿಗೆ ರಾಜೀನಾಮೆ ಕೊಟ್ಟು ಬಂದ ದಿನ ಗೂಡಿನಲ್ಲಿ ಎರಡು ಬಟ್ಟಲು ಖುಬಾನಿ ಮೀಠಾ, ಒಣ ಏಪ್ರಿಕಾಟಿನ ಸಿಹಿ, ಬಂದಿತ್ತು. ಒಂದು ನಮ್ಮ ಮನೆಗೆ. ಇನ್ನೊಂದು, “ಔರಾದದ ಆಯಿಗಿ ಕೊಟ್ಟು ಬಾ. ಆಯಿ ಕಡಿಂದ ನನಗ ಭಾಳ ಕೆಲಸ ಅದ.”

ಆ ಕೆಲಸವೇ ಅವರ ಸಂಶೋಧನೆ. ಔರಾದ ತಾಲ್ಲೂಕಿನ ನಮ್ಮ ಊರಿನಲ್ಲಿ ಆಯಿಗೆ ಕುರಿಹಟ್ಟಿ ಇತ್ತು. ಕುರಿಗಳಿಗೆ ಎದೆಯ ರೋಗ ತಗುಲಿದರೆ ಮೊದಲು ಒಂದು ಕೆಮ್ಮುತ್ತದೆ. ಅಷ್ಟು ಕುರಿಗಳ ಗದ್ದಲದಲ್ಲಿ ಆ ಒಂದರ ಕೆಮ್ಮು ಕಿವಿಗೆ ಬೀಳುವುದರೊಳಗೆ ಅದು ಹಟ್ಟಿಗೆಲ್ಲ ಹಬ್ಬಿರುತ್ತದೆ. ಹಟ್ಟಿಯಲ್ಲಿ ಒಂದು ಸಾಮಾನ್ಯ ಫೋನ್ ಇಟ್ಟರೆ ಅದು ಸದ್ದನ್ನು ಕೇಳಿ, ಯಾವುದೋ ಒಂದು ಕುರಿಯ ಉಸಿರು ಬದಲಾಗಿದೆ ಎಂದು ಮೊದಲೇ ಹೇಳಬೇಕು. ಆಪಾ ಕಟ್ಟಲು ಹೊರಟಿದ್ದು ಅಂಥ ಜಾಲ.

ಮೊದಲ ಸಲ ಅವರನ್ನು ಊರಿಗೆ ಕರೆದುಕೊಂಡು ಹೋದದ್ದು ನಾನೇ. ಆಯಿ ಅವರನ್ನು ಮೇಲಿಂದ ಕೆಳಗೆ ನೋಡಿದಳು.

“ಏನ್ ಕಲಿಸ್ತೀ ಬೇಟಿ, ಫೋನಿಗಿ?”

“ಸಣ್ಣ ಕೂಸಿಗಿ ಹ್ಯಾಂಗ ಕಲಿಸ್ತೀರಿ, ಹಂಗೇ ಆಯಿ. ಇದು ಕುರಿ, ಇದು ಆಡು ಅಂತ ತೋರಿಸ್ಕೋತ ಹೋಗೋದು. ತಪ್ಪು ಹೇಳಿದ್ರ ತಿದ್ದೋದು.”

“ಹೊಡೀತೀ ಏನು?”

“ಹೊಡಿಲಿಕ್ಕಿ ಬರಲ್ಲರಿ ಅದಕ್ಕ.”

“ಹಂಗಾದ್ರ ಕಲಿಯಲ್ಲ ಬಿಡು,” ಎಂದಳು ಆಯಿ, ನನ್ನ ಕಡೆ ಕೈ ಮಾಡಿ. “ಇಕಿ ಅಪ್ಪಗ ಎಷ್ಟ ಹೊಡದೀನಿ, ಅಂವನೇ ಕಲೀಲಿಲ್ಲ.”

ಆಪಾ ನಕ್ಕ ನಗುವಿಗೆ ಹತ್ತಿರದ ಕುರಿಗಳೆರಡು ಬೆದರಿ ಹಿಂದೆ ಸರಿದವು. ಆಯಿಗೆ ಆ ನಗು ಹಿಡಿಸಿತೆಂದು ತೋರುತ್ತದೆ. ಆ ಬಯಲಿನಲ್ಲಿ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಧ್ವನಿ ದಾಖಲಿಸಲು ಆಪಾ ವಿಭಾಗದಿಂದ ತಂದಿದ್ದ ಸಣ್ಣ ಮೈಕಿನಲ್ಲಿ ಕುರಿಗಿಂತ ಗಾಳಿಯ ಸದ್ದೇ ಹೆಚ್ಚಾಗಿ ತುಂಬಿಕೊಳ್ಳುತ್ತಿತ್ತು. ಮುಂದಿನ ಸಲ ಹೋದಾಗ ಆಯಿ ಹಳೆಯ ಕಂಬಳಿಯ ಅಂಚು ಕತ್ತರಿಸಿ, ಆ ಮೈಕಿನ ಅಳತೆಗೆ ಒಂದು ಕುಲಾವಿ ಹೊಲಿದಿಟ್ಟಿದ್ದಳು. “ತಲಿಗಿ ಗಾಳಿ ಹತ್ತಿದ್ರ ಯಾರಿಗೂ ಸರಿ ಕೇಳಸಲ್ಲ,” ಎಂಬುದು ಅವಳ ಸಮಜಾಯಿಷಿ. ಕಳೆದ ವಾರ ನೆಲಕ್ಕೆ ಬಿದ್ದದ್ದು ಆ ಕುಲಾವಿ.

ಅದನ್ನು ತೊಡಿಸಿದ ಮೇಲೆ ಧ್ವನಿ ನೀರಿನಂತೆ ತಿಳಿಯಾಯಿತು. ಆಪಾ ವಾರಕ್ಕೊಮ್ಮೆಯಾದರೂ ಔರಾದದ ಬಸ್ಸು ಹತ್ತುತ್ತಿದ್ದರು. ಒಂದೊಂದು ಕುರಿಯ ಉಸಿರನ್ನು ದಾಖಲಿಸಿಕೊಂಡು, ಅಲ್ಲೇ ನಿಂತು ಕೇಳುತ್ತಿದ್ದರು, “ಆಯಿ, ಇದು ಹ್ಯಾಂಗ ಅದರಿ?” ಆಯಿ, ಅವಳ ಕಿರಿಯ ಮಗನಾದ ನನ್ನ ಕಾಕಾ, ಅಕ್ಕಪಕ್ಕದ ಹಟ್ಟಿಯವರು ಹೇಳಿದ್ದನ್ನು ಆ ಧ್ವನಿಯ ಜೊತೆಗೆ ಗುರುತು ಹಾಕಿಕೊಳ್ಳುತ್ತಿದ್ದರು. ಜಾಲ ಕಲಿಯುವುದು ಆ ಗುರುತಿನಿಂದಲೇ. ಗುರುತು ತಪ್ಪಾದರೆ ಜಾಲವೂ ತಪ್ಪನ್ನೇ ಶ್ರದ್ಧೆಯಿಂದ ಕಲಿಯುತ್ತದೆ.

ಒಂದು ಭಾನುವಾರ ಗೂಡಿನ ಆ ಕಡೆಯಿಂದ ಗೋಡೆ ತಟ್ಟಿದ ಸದ್ದಾಯಿತು. ಹೋಗಿ ನೋಡಿದರೆ ಆಪಾ ಲ್ಯಾಪ್‌ಟಾಪಿನ ಮುಂದೆ ಕೈಕಟ್ಟಿ ಕುಳಿತಿದ್ದರು. ಧ್ವನಿಯೊಂದನ್ನು ಕೇಳಿಸಿದರು. ನನ್ನಂಥ ಪಟ್ಟಣದ ಹುಡುಗಿಗೂ ತಿಳಿಯುವಂಥ ಕೆಮ್ಮು. ಒಳಗಿನಿಂದ ಹರಿದು ಬರುವಂಥದ್ದು. ಜಾಲದ ಉತ್ತರ ಪರದೆಯ ಮೇಲೆ ಬಂತು. ಆರಾಮ. ಇನ್ನೊಂದು ಕೇಳಿಸಿದರು, ಅದಕ್ಕಿಂತ ಕೆಟ್ಟದ್ದು. ಆರಾಮ. ಆಮೇಲೆ ತಾವೇ ಮೈಕಿಗೆ ಬಾಯಿಟ್ಟು ಜೋರಾಗಿ ಕೆಮ್ಮಿದರು. ಆರಾಮ.

“ನೋಡು ಬೇಟಾ,” ಎಂದರು. “ಇದರ ಹಂತ್ಯಾಕ ಬಂದ್ರ ಸಾಯೋರೂ ಆರಾಮ.”

ಬೇರೆಯವರಾಗಿದ್ದರೆ ಹಳ್ಳಿಯವರಿಗೆ ತಿಳಿಯುವುದಿಲ್ಲ ಎಂದು ಬರೆದು, ಅಷ್ಟೂ ದಾಖಲೆಗಳನ್ನು ಕಸಕ್ಕೆ ಹಾಕುತ್ತಿದ್ದರೇನೋ. ಆಪಾ ಮರುದಿನ ಬೆಳಗಿನ ಬಸ್ಸಿಗೆ ನನ್ನನ್ನೂ ಎಳೆದುಕೊಂಡು ಹೊರಟರು. ಅವತ್ತು ಅವರು ಮೈಕು ತೆಗೆಯಲೇ ಇಲ್ಲ. ಹಟ್ಟಿಯ ಮೂಲೆಯಲ್ಲಿ ಕುಳಿತು ಸುಮ್ಮನೆ ನೋಡುತ್ತಿದ್ದರು. ಮೇಯಲು ಹೋದ ಕುರಿಗಳು ಬಿಸಿಲು ಇಳಿದ ಮೇಲೆ ಮರಳಿ ಬಂದವು. ಆಯಿ ಒಂದೊಂದನ್ನೂ ಮುಟ್ಟಿ ಒಳಗೆ ಬಿಟ್ಟಳು. ಒಂದನ್ನು ಮಾತ್ರ ಕೊರಳ ಹಗ್ಗ ಹಿಡಿದು ಹೊರಗೆ ತಂದು, ಮನೆಯ ಬಾಗಿಲ ಪಕ್ಕದ ಗೂಟಕ್ಕೆ ಕಟ್ಟಿ, ಬೆನ್ನ ಮೇಲೆ ಗೋಣಿತಾಟು ಹೊದಿಸಿದಳು.

ಆಪಾ ಹಟ್ಟಿಯಿಂದಲೇ ಕೇಳಿದರು. “ಆಯಿ, ಅದಕ್ಕ ಬ್ಯಾನಿ ಅದ ಏನ್ರಿ?”

ಆಯಿಯ ಮುಖ ಬಿಗಿಯಿತು. ಸೀದಾ ಬಂದು ಆಪಾನ ಕೈ ಹಿಡಿದಳು. ಮುಳ್ಳುಬೇಲಿ ದಾಟಿಸಿ, ಹುಣಸೆಮರದ ತನಕ ನಡೆಸಿಕೊಂಡು ಹೋಗಿ, ಧ್ವನಿ ತಗ್ಗಿಸಿದಳು.

“ಹಟ್ಟ್ಯಾಗ ನಿಂತು ಆ ಮಾತ ಆಡಬಾರದು ಬೇಟಿ. ಅವು ಕೇಳಿಸ್ಕೋತಾವ.”

“ಯಾವು ಆಯಿ?”

“ಕುರಿ. ಇನ್ಯಾವು? ತನಗ ಬ್ಯಾನಿ ಅಂತ ಕೇಳಿಸ್ಕೊಂಡ ಕುರಿ ಮ್ಯಾವಿಗಿ ಬಾಯಿ ಹಚ್ಚಲ್ಲ. ಹಟ್ಟ್ಯಾಗ ಎಲ್ಲಾ ಆರಾಮನೇ. ಬ್ಯಾರೆ ಮಾತೇ ಇಲ್ಲ.”

ನಾನು ಆಪಾನ ಮುಖ ನೋಡಿದೆ. ತಿಂಗಳುಗಟ್ಟಲೆ ದುಡಿದ ಕೆಲಸ ಆ ಒಂದು ಮಾತಿನಲ್ಲಿ ಕುಸಿದು ಬಿದ್ದಿತ್ತು. ಹಟ್ಟಿಯೊಳಗೆ ನಿಂತು ಕೇಳಿದ ಪ್ರಶ್ನೆಗೆ ಹಟ್ಟಿಯೊಳಗಿನ ಉತ್ತರವೇ ಸಿಕ್ಕಿತ್ತು. ಆಪಾ ಮಾತ್ರ ನಗುತ್ತಿದ್ದರು... ಕಣ್ಣಲ್ಲಿ ನೀರು ಬರುವಷ್ಟು.

“ನಮ್ಮ ಮನ್ಯಾಗೂ ಹಂಗೇ ಆಯಿ. ನಮಗ ಜ್ವರ ಬಂದ್ರ ನಮ್ಮ ದಾದಿ, ಅಪ್ಪನ ತಾಯಿ, ನಮ್ಮ ಹೆಸರೇ ಹಿಡೀತಿದ್ದಿಲ್ಲ. ‘ದುಶ್ಮನರಿಗಿ ಬುಖಾರ ಬಂದದ’ ಅಂತಿದ್ಳು. ನಾ ಸಣ್ಣಾಕಿ ಇದ್ದಾಗ ನಮಗ ಇಷ್ಟು ಮಂದಿ ದುಶ್ಮನರು ಯಾಕ ಇದ್ದಾರ ಅಂತ ಅಂಜ್ತಿದ್ದೆ.”

ಆಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಿಮ್ಮ ದಾದಿ ಛಲೋ ಕುರಿ ಕಾಯ್ತಿದ್ಳು ಬಿಡು.”

ನಗು ನಿಂತ ಮೇಲೆ ಆಪಾ ಬಾಗಿಲ ಕಡೆ ಕೈ ಮಾಡಿದರು. ಆ ಕುರಿಯನ್ನು ಅಲ್ಲಿ ಕಟ್ಟಿದ್ದು ಯಾಕೆ ಎಂದು ಕೇಳಿದರು. ಬೇರೆಯವಕ್ಕೆ ತಗುಲಬಾರದೆಂದೇ, ದೂರ ಇಡಬೇಕೆಂದೇ?

“ದೂರ ಎಲ್ಲಿ ಅದ? ಬಾಗಿಲದಾಗೇ ಅದಲ್ಲ,” ಎಂದಳು ಆಯಿ. “ಬರೋರ ಹೋಗೋರ ಕೈ ಮೈಮ್ಯಾಲ ಬೀಳ್ತಿರಬೇಕು. ಎದ್ದ ಕೂಡ್ಲೇ ಮೊದಲು ಅದೇ ಕಾಣಬೇಕು. ಆಸಿ ಬಿಟ್ಟಿದ್ದಕ್ಕ ಬಾಗಿಲಿಗಿ ಕಟ್ಟಲ್ಲ ಬೇಟಿ.”

ಮರಳುವಾಗ ಬಸ್ಸು ಸಂತಪುರ ದಾಟಿದ ಮೇಲೆ ಆಪಾ ನನ್ನ ಮೊಣಕೈ ತಿವಿದರು. “ಕುರಿದೇನೂ ತಪ್ಪಿಲ್ಲ, ಆಯಿದೂ ತಪ್ಪಿಲ್ಲ, ಜಾಲದ್ದೂ ತಪ್ಪಿಲ್ಲ. ಪ್ರಶ್ನಿ ತಪ್ಪಿತ್ತು ಬೇಟಾ.”

ಮುಂದಿನ ವಾರದಿಂದ ಅವರು ಯಾವ ಕುರಿಯೂ ಹೇಗಿದೆ ಎಂದು ಕೇಳಲಿಲ್ಲ. ಇವತ್ತು ಇದನ್ನು ಎಲ್ಲಿ ಕಟ್ಟುತ್ತೀರಿ ಎಂದು ಕೇಳಿದರು. ಆ ಪ್ರಶ್ನೆಗೆ ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ. ಒಳಗೆ, ಇಲ್ಲವೇ ಬಾಗಿಲ ಹತ್ರ. ಅಕ್ಕಪಕ್ಕದ ಊರುಗಳಲ್ಲೂ, ಕಮಲನಗರದ ಕಡೆಯ ಮರಾಠಿ ಮಾತಾಡುವ ಹಟ್ಟಿಗಳಲ್ಲೂ ಇದೇ ಪ್ರಶ್ನೆ ನಡೆಯಿತು. ಹಳೆಯ ದಾಖಲೆಗಳನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಕೂಡಿಸಿದರು. ಜಾಲ ನಿಧಾನವಾಗಿ ಕಲಿಯತೊಡಗಿತು. ಜಾಲ ಕೊಡುವ ಉತ್ತರದ ಮಾತನ್ನೂ ಅವರು ಬದಲಿಸಿದ್ದರು. ಫೋನು ಹಟ್ಟಿಯೊಳಗೇ ಇರುವುದರಿಂದ ಅದೂ ಬ್ಯಾನಿ ಎನ್ನುವಂತಿರಲಿಲ್ಲ. ಉಸಿರು ಬದಲಾದ ಕುರಿ ಹತ್ತಿರ ಬಂದಾಗ ‘ಬಾಗಿಲ ಹತ್ರ ಕಟ್ಟಿ’ ಎಂದು ಹೇಳುತ್ತಿತ್ತು, ಆಪಾನದೇ ಧ್ವನಿಯಲ್ಲಿ. ಮೊದಲ ಸಲ ಅದನ್ನು ಕೇಳಿದ ಆಯಿ ಸೆರಗಿನಿಂದ ಫೋನಿನ ಧೂಳು ಒರೆಸಿ, “ಈಗ ತಿಳುವಳಿಕಿ ಬಂತು ಇದಕ್ಕ,” ಎಂದಳು. ಫೋನು ತೋರಿಸಿದ ಕುರಿ ಮೂರನೆಯ ದಿನಕ್ಕೆ ಕೆಮ್ಮಿತು. ಅಷ್ಟರಲ್ಲಾಗಲೇ ಅದು ಬಾಗಿಲ ಬಳಿ ಇತ್ತು, ಔಷಧ ಬಿದ್ದಿತ್ತು, ಉಳಿಯಿತು.

ವಿಶ್ವವಿದ್ಯಾಲಯಗಳ ಭಾಷೆಯಲ್ಲಿ ಇದಕ್ಕೆ ಏನೆನ್ನುತ್ತಾರೋ ಗೊತ್ತಿಲ್ಲ. ನಾನು ಇದನ್ನು ಸಂಶೋಧನೆ ಎನ್ನುತ್ತೇನೆ. ಮನುಷ್ಯರ ನಾಚಿಕೆ, ಅಂಜಿಕೆ, ಮಮತೆಗಳನ್ನು ಅರಿಯದೆ ಯಂತ್ರಕ್ಕೆ ಏನನ್ನೂ ಕಲಿಸಲಾಗದು ಎಂಬುದನ್ನು ಔರಾದದ ಒಂದು ಹಟ್ಟಿಯಲ್ಲಿ ಕುಳಿತು ಕಂಡುಕೊಂಡವರನ್ನು ನೀವು ಉಳಿಸಿಕೊಳ್ಳಬೇಕಿತ್ತು.

ಆ ವರ್ಷದ ಕೊನೆಯಲ್ಲಿ ಆಪಾನ ಮಾರ್ಗದರ್ಶಕರು ನಿವೃತ್ತರಾದರು. ಅವರು ನಿವೃತ್ತರಾಗುತ್ತಾರೆಂಬುದು ಆಯ್ಕೆಯ ದಿನವೇ ಎಲ್ಲರಿಗೂ ಗೊತ್ತಿತ್ತು. ಹುಟ್ಟಿದ ದಿನಾಂಕ ಯಾರೂ ಮುಚ್ಚಿಡುವ ಸಂಗತಿಯಲ್ಲ. ಆ ವಿಭಾಗದಲ್ಲಿ ಈ ವಿಷಯಕ್ಕೆ ಮಾನ್ಯತೆ ಪಡೆದವರು ಬೇರೆ ಯಾರೂ ಇರಲಿಲ್ಲ. ಹೊರಗಿನ ವಿಶ್ವವಿದ್ಯಾಲಯದವರನ್ನು ನೇಮಿಸಲು ಸಮಿತಿ ಸೇರಬೇಕು, ಸಮಿತಿ ಸೇರಲು ಅಧ್ಯಕ್ಷರ ಸಮಯ ಬೇಕು. ಮಾರ್ಗದರ್ಶಕರ ಸಹಿಯಿಲ್ಲದೆ ಪ್ರಗತಿ ವರದಿ ಸಲ್ಲದು, ವರದಿಯಿಲ್ಲದೆ ಫೆಲೋಶಿಪ್ ಬಾರದು. ಪೂರ್ಣಾವಧಿಯ ನಿಯಮ ಮಾತ್ರ ಹಾಗೆಯೇ ಜಾರಿಯಲ್ಲಿತ್ತು. ಅಂದರೆ ಬೇರೆ ಕೆಲಸ ಮಾಡುವಂತಿಲ್ಲ.

ಒಮ್ಮೆ ನಾನೂ ಅವರ ಜೊತೆ ಆ ಕಚೇರಿಗೆ ಹೋಗಿದ್ದೆ. ಅಧಿಕಾರಿ ಒರಟು ಮನುಷ್ಯರಲ್ಲ. ಅದನ್ನು ನ್ಯಾಯವಾಗಿ ಹೇಳಬೇಕು. ಕುರ್ಚಿ ಎಳೆದು ಕೊಟ್ಟರು, ಚಹಾ ತರಿಸಿದರು.

“ಮೇಡಂ, ನಿಮ್ದೇನೂ ತೊಂದ್ರಿ ಇಲ್ಲರಿ. ಎಲ್ಲಾ ಬರೋಬ್ಬರಿ ಅದ. ಪ್ರೊಸೆಸ್‌ನ್ಯಾಗ ಅದರಿ.”

“ಸರ್, ಗೈಡ್ ಯಾವಾಗ ಸಿಗ್ತಾರ್ರಿ?”

“ಸಿಗ್ತಾರ್ರಿ. ನೀವು ಟೆನ್ಷನ್ ತಗೋಬ್ಯಾಡ್ರಿ. ಚಹಾ ಆರ್ಲತ್ತದ ನೋಡ್ರಿ.”

ಹೊರಗೆ ಬಂದು ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತೆವು. ನಾನು ಆಗಲೂ ಹೀಗೆಯೇ ಕುದಿಯುತ್ತಿದ್ದೆ. ಒಳಗೆ ಹೋಗಿ ಜಗಳ ಮಾಡುತ್ತೇನೆ ಎಂದೆ. ಆಪಾ ನನ್ನ ದುಪಟ್ಟಾದ ತುದಿ ಹಿಡಿದು ಕೂರಿಸಿದರು.

“ಕೂಡು. ಅವರ ಮ್ಯಾಲ ಯಾಕ ಸಿಟ್ಟು? ಅವರೂ ಹಟ್ಟ್ಯಾಗ ನಿಂತು ಮಾತಾಡ್ಲತ್ತಾರ.”

ಹೇಳುವಾಗ ಮುಖದಲ್ಲಿ ನಗುವಿತ್ತು. ನನ್ನ ದುಪಟ್ಟಾವನ್ನು ಮಾತ್ರ ಬಿಟ್ಟಿರಲಿಲ್ಲ... ಬಸ್‌ಸ್ಟ್ಯಾಂಡಿನವರೆಗೂ ಬಿಡಲಿಲ್ಲ.

ಮತ್ತೆ ಕೆಲವು ಸಲ ಒಬ್ಬರೇ ಹೋಗಿ ಬಂದರು. ಪ್ರತಿ ಸಲವೂ ಎಲ್ಲ ಸರಿಯಿತ್ತು, ಎಲ್ಲ ನಡೆಯುತ್ತಿತ್ತು. ಆಮೇಲೆ ಒಂದು ದಿನ ನಿಗದಿತ ಅವಧಿ ಮುಗಿದಿದೆ, ನೋಂದಣಿ ರದ್ದಾಗಿದೆ ಎಂದು ತಿಳಿಸಿದರು. ಎಲ್ಲ ಸರಿಯಿದ್ದದ್ದು ಒಂದೇ ಸಲಕ್ಕೆ ಸತ್ತದ್ದು ಹೇಗೆ ಎಂದು ಯಾರೂ ವಿವರಿಸಲಿಲ್ಲ. ಭಾಲ್ಕಿಯ ಕಾಲೇಜಿನಲ್ಲಿ ಅಷ್ಟರೊಳಗೆ ಬೇರೆಯವರು ಬಂದಿದ್ದರು.

ಆ ಸಂಜೆ ಗೂಡಿನ ಆ ಕಡೆ ದೀಪ ಉರಿಯುತ್ತಿತ್ತು. ನಾನು ಈ ಕಡೆಯಿಂದ ಗೋಡೆ ತಟ್ಟಿದೆ. ಸ್ವಲ್ಪ ತಡೆದು ಆ ಕಡೆಯಿಂದಲೂ ತಟ್ಟಿದ ಸದ್ದು ಬಂತು. ಕೆಲವು ತಿಂಗಳಲ್ಲಿ ಆಪಾ ಹೈದರಾಬಾದಿನಲ್ಲಿರುವ ಅಣ್ಣನ ಮನೆಗೆ ಹೋದರು. ಹೋಗುವ ಮುನ್ನ ಔರಾದಕ್ಕೆ ಹೋಗಿ ಆಯಿಯನ್ನು ಕಂಡು ಬಂದರು. ಮೈಕನ್ನು ವಿಭಾಗಕ್ಕೆ ಹಿಂದಿರುಗಿಸಬೇಕಿತ್ತು, ಹಿಂದಿರುಗಿಸಿದರು. ಕಂಬಳಿಯ ಕುಲಾವಿ ಅವರ ಸ್ವತ್ತು. ಅದನ್ನು ಗೂಡಿನಲ್ಲಿಟ್ಟು ಹೋಗಿದ್ದರು, ನನಗೆಂದು.

ಅಲ್ಲಿ ಅವರೀಗ ಒಂದು ಕಂಪನಿಯಲ್ಲಿ ಚಿತ್ರಗಳಿಗೆ ಗುರುತು ಹಚ್ಚುತ್ತಾರೆ. ಯಾವುದೋ ದೇಶದ ಯಾವುದೋ ರಸ್ತೆಯ ಚಿತ್ರ. ಇದು ನಾಯಿ, ಇದು ದೀಪದ ಕಂಬ, ಇದು ಮಗುವನ್ನು ಕೂರಿಸಿದ ಗಾಡಿ ಎಂದು ಚೌಕ ಎಳೆಯುತ್ತ ಹೋಗುವುದು. ಬೇರೆಯವರ ಜಾಲಗಳು ಅದರಿಂದ ಕಲಿಯುತ್ತವೆ. ಪ್ರಶ್ನೆ ತಪ್ಪಿದೆಯೇ ಎಂದು ಅಲ್ಲಿ ಅವರನ್ನು ಯಾರೂ ಕೇಳುವುದಿಲ್ಲ. ಯಾವ ಕೆಲಸವೂ ಕೀಳಲ್ಲ, ಸರಿ. ಆದರೆ ಜಾಲಕ್ಕೆ ಸರಿಯಾದ ಪ್ರಶ್ನೆಯನ್ನು ಹುಡುಕಿಕೊಟ್ಟ ಕೈಗೆ ಚೌಕ ಎಳೆಯುವ ಕೆಲಸವನ್ನಷ್ಟೇ ಉಳಿಸಿದ್ದು ಯಾರು ಎಂದು ಕೇಳುವ ಹಕ್ಕು ನನಗಿದೆ.

ಆಯಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ನೋಡಲು ಬಂದವರಿಗೆಲ್ಲ ನಾವು ಆರಾಮ ಇದ್ದಾಳೆ ಎಂದೇ ಹೇಳಿದೆವು. ಅವಳ ಮಂಚವನ್ನು ಮಾತ್ರ ಕಾಕಾ ಬಾಗಿಲ ಹತ್ತಿರ ಹಾಕಿದ್ದರು. ಯಾರೂ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಬಂದವರು ಹೋದವರು ಅವಳ ತಲೆ ಮುಟ್ಟುತ್ತಿದ್ದರು... ಹಟ್ಟಿ ಈಗ ಕಾಕಾನ ಕೈಯಲ್ಲಿದೆ. ಆಪಾ ಕೊಟ್ಟಿದ್ದ ಹಳೆಯ ಫೋನು ಕೆಟ್ಟು ಬಹಳ ದಿನಗಳಾದವು. ಕುರಿ ಕೆಮ್ಮಿದಾಗಲೆಲ್ಲ ಕಾಕಾ ನನ್ನನ್ನು ಕೇಳುತ್ತಾರೆ, “ಆ ಬೀಬಿದು ಹೊಸ ಫೋನ್ ಯಾವಾಗ ಬರ್ತದ?” ಪ್ರೊಸೆಸ್‌ನಲ್ಲಿದೆ ಎಂದು ಹೇಳಲು ನನಗೆ ನಾಲಗೆ ಏಳುವುದಿಲ್ಲ.

ಈ ವರ್ಷ ಮತ್ತೆ ನಿಮ್ಮ ಪ್ರಕಟಣೆ ಬಂದಿದೆ. ಅದೇ ವಿಷಯ, ಅದೇ ಫೆಲೋಶಿಪ್, ಅದೇ ಪೂರ್ಣಾವಧಿಯ ನಿಯಮ. ನಾನೂ ಪರೀಕ್ಷೆ ಬರೆದೆ. ಆಯ್ಕೆಯಾಗಿದ್ದೇನೆ. ಬೀದರಿನ ಕಾಲೇಜಿನಲ್ಲಿ ನಾನು ಈಗ ಮಾಡುತ್ತಿರುವ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದು ಸೇರಿಕೊಳ್ಳಬೇಕೆಂದು ತಿಳಿಸಿದ್ದೀರಿ. ನನಗೆ ಕೊಟ್ಟಿರುವ ಮಾರ್ಗದರ್ಶಕರು ಯಾವಾಗ ನಿವೃತ್ತರಾಗುತ್ತಾರೆಂದು ಈ ಸಲ ನಾನೇ ವಿಚಾರಿಸಿಕೊಂಡೆ. ನನ್ನ ಸಂಶೋಧನೆ ಮುಗಿಯುವ ಮೊದಲೇ.

ಕುಲಾವಿ ಸಿಕ್ಕ ದಿನ ಅದನ್ನು ಅಂಗೈಯಲ್ಲಿಟ್ಟುಕೊಂಡೇ ಆಪಾನಿಗೆ ಫೋನ್ ಮಾಡಿದೆ. ಬಹಳ ದಿನಗಳ ಮೇಲೆ.

“ಹ್ಯಾಂಗಿದ್ದೀರಿ ಆಪಾ?”

“ಆರಾಮ ಇದ್ದೀನಿ ಬೇಟಾ. ಏಕದಮ್ ಆರಾಮ. ನೀ ಹ್ಯಾಂಗಿದ್ದಿ?”

ನಮ್ಮಿಬ್ಬರಿಗೂ ಗೊತ್ತಿತ್ತು, ಪ್ರಶ್ನೆ ತಪ್ಪಾಗಿತ್ತು. ನಾನು ಇನ್ನೊಂದು ಕೇಳಿದೆ.

“ಆ ಹಳೇ ಲ್ಯಾಪ್‌ಟಾಪ್ ಎಲ್ಲಿಟ್ಟೀರಿ ಆಪಾ? ಜಾಲ ಇದ್ದದ್ದು?”

ಅವರ ಹಿಂದೆ ಹೈದರಾಬಾದಿನ ಯಾವುದೋ ರಸ್ತೆಯ ಹಾರ್ನುಗಳು ಕೇಳುತ್ತಿದ್ದವು. ಆಮೇಲೆ ಮೆಲ್ಲಗೆ, ನಗುತ್ತಿದ್ದಾರೋ ಏನೋ ತಿಳಿಯದಂಥ ಧ್ವನಿಯಲ್ಲಿ ಹೇಳಿದರು.

“ಬಾಗಿಲ ಹತ್ರ, ಬೇಟಾ. ಚಪ್ಲಿ ಸ್ಟ್ಯಾಂಡಿನ ಮ್ಯಾಲ ಒಂದು ಹಲಗಿ ಅದ, ಅಲ್ಲಿ. ಹೋಗ್ತಾ ಬರ್ತಾ ಕೈ ಹತ್ತತದ.”

ಈ ಲೇಖನ ಬರೆಯಲು ಅವರ ಒಪ್ಪಿಗೆ ಕೇಳಿದೆ. ಹೆಸರು ಬೇಡ ಎಂದರು, ಉಳಿದದ್ದು ಬರಿ ಎಂದರು.

ಆದ್ದರಿಂದ ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದಲ್ಲಿ ಮತ್ತು ಸಂಬಂಧಪಟ್ಟ ಇಲಾಖೆಯಲ್ಲಿ ನನ್ನ ವಿನಂತಿ ಇದು. ಮಾರ್ಗದರ್ಶಕರಿಲ್ಲದ ಕಾರಣಕ್ಕೆ ರದ್ದಾದ ಆ ನೋಂದಣಿಯನ್ನು ಮರಳಿ ಊರ್ಜಿತಗೊಳಿಸಬೇಕು. ನಿಮ್ಮಲ್ಲಿ ಮಾನ್ಯತೆ ಪಡೆದವರಿಲ್ಲದಿದ್ದರೆ ಬೇರೆ ವಿಶ್ವವಿದ್ಯಾಲಯದಿಂದ ಮಾರ್ಗದರ್ಶಕರನ್ನು ಕರೆಸಿ, ಆ ಸಂಶೋಧಕಿ ತಮ್ಮ ಪ್ರಬಂಧವನ್ನು ಸಲ್ಲಿಸಲು ಅವಕಾಶ ಮಾಡಿಕೊಡಬೇಕು. ನಿಮ್ಮ ತಡದಿಂದ ನಿಂತ ಕಾಲವನ್ನು ಅವರ ಲೆಕ್ಕಕ್ಕೆ ಹಚ್ಚಬಾರದು. ಈ ವರ್ಷ ಆಯ್ಕೆಯಾದ ಯಾರನ್ನೇ ಆಗಲಿ ಕೆಲಸ ಬಿಡಿಸುವ ಮುನ್ನ, ಮಾರ್ಗದರ್ಶಕರು ನಿವೃತ್ತರಾದ ಮರುದಿನ ಆ ಹೊಣೆ ಯಾರದು ಎಂಬುದನ್ನು ಬರಹದಲ್ಲಿ ತಿಳಿಸಬೇಕು. ಅದು ಕೈಸೇರುವ ತನಕ ನಾನು ರಾಜೀನಾಮೆ ಕೊಡುವುದಿಲ್ಲ. ಸೀಟನ್ನೂ ಬಿಟ್ಟುಕೊಡುವುದಿಲ್ಲ.

ಎಲ್ಲವೂ ಹೇಗಿದೆ ಎಂದು ನಾನು ನಿಮ್ಮನ್ನು ಕೇಳುತ್ತಿಲ್ಲ. ಅದರ ಉತ್ತರ ನನಗೆ ಗೊತ್ತು. ಆ ಸಂಶೋಧನೆಯನ್ನು ನೀವು ಎಲ್ಲಿ ಇಟ್ಟಿದ್ದೀರಿ ಎಂದು ಕೇಳುತ್ತಿದ್ದೇನೆ. ಅದನ್ನು ಮಾಡಿದವರು ಇನ್ನೂ ಬಾಗಿಲ ಹತ್ತಿರವೇ ಇಟ್ಟುಕೊಂಡಿದ್ದಾರೆ. ನಿಮ್ಮ ಲಿಖಿತ ಉತ್ತರವನ್ನೂ ಕ್ರಮವನ್ನೂ ಕೋರುತ್ತೇನೆ.